ಆರು ವರ್ಷ ಕಾಯುವ ಬಂಡವಾಳ

ಹಳೆಯ ಫ್ರೆಂಚ್ ವೈನನ್ನು ಸವಿಯುವುದು ಶ್ರೀಮಂತರ ಷೋಕಿ ಎಂಬ ಭಾವನೆ ನಮ್ಮ ವರ್ತಕ ವಲಯದಲ್ಲಿ ಬಲವಾಗಿದೆ. ಕುಡಿಯುವುದು, ಬಿಡುವುದು ಅವರವರ ಇಚ್ಛೆಗೆ ಸೇರಿದ್ದು. ಆದರೆ ಸರಕಿನ ಗುಣ ಪರೀಕ್ಷೆಯೇ ವೃತ್ತಿಯಾಗಿರುವ ನಮ್ಮಂಥವರಿಗೆ ಪೂರ್ವ ಫ್ರಾನ್ಸಿನ ಜೂರಾ ಪ್ರಾಂತ್ಯದ ‘ವ್ಯಾಂ ಜೋನ್’, ಅರ್ಥಾತ್ ಹಳದಿ ವೈನ್, ಅಧ್ಯಯನಯೋಗ್ಯವೆಂದು ನನ್ನ ಅಭಿಪ್ರಾಯ.

ಸಾವಾನ್ಯಾಂ ಎಂಬ ಒಂದೇ ಜಾತಿಯ ಬಿಳಿ ದ್ರಾಕ್ಷಿಯಿಂದ ತಯಾರಾಗುವ ಈ ವೈನನ್ನು ಓಕ್ ಮರದ ಪೀಪಾಯಿಗಳಲ್ಲಿ ಆರು ವರ್ಷಗಳಿಗೂ ಹೆಚ್ಚು ಕಾಲ ಇಡುತ್ತಾರೆ. ಆವಿಯಾಗಿ ಕುಗ್ಗಿದಷ್ಟನ್ನು ಆಗಾಗ ತುಂಬುವುದು ಬೇರೆಡೆಯ ವಾಡಿಕೆ, ಇಲ್ಲಿ ತುಂಬುವುದಿಲ್ಲ. ವೈನಿನ ಮೇಲೆ ಯೀಸ್ಟಿನ ತೆಳುಪರೆಯೊಂದು ಹರಡಿಕೊಂಡು ಅದು ಹುಳಿತು ವಿನಿಗರ್ ಆಗದಂತೆ ಕಾಯುತ್ತದೆ. ಪರೆ ಕೈಕೊಟ್ಟ ಪೀಪಾಯಿಗೆ ಈ ಹೆಸರು ದಕ್ಕದು. ಒಂದು ಲೀಟರಿನಲ್ಲಿ ಕಡೆಗೆ ಉಳಿಯುವುದು 62 ಸೆಂಟಿಲೀಟರ್ ಎಂಬ ಲೆಕ್ಕದಂತೆ ಬಾಟಲಿಯ ಅಳತೆಯೂ ಅಷ್ಟೇ. ಸವಕಳಿಯನ್ನು ಮುಚ್ಚಿಡದೆ ಬಾಟಲಿಯ ಗಾತ್ರದಲ್ಲಿಯೇ ತೋರಿಸುವ ಇಂಥ ವ್ಯಾಪಾರ ಅಪರೂಪ.

ಇದನ್ನು ತಣ್ಣಗೆ ಕೊರೆಯುವಂತೆ ಕೊಡಬಾರದು. 14ರಿಂದ 16 ಡಿಗ್ರಿ ಉಷ್ಣತೆಯಲ್ಲಿ, ಕೆಲವು ಗಂಟೆ ಮೊದಲೇ ಬಿರಡೆ ತೆಗೆದಿಟ್ಟು, ಕೊಂಚಕೊಂಚವಾಗಿ ಸವಿಯಬೇಕು. ಸಿಹಿಯನ್ನು ನಿರೀಕ್ಷಿಸಿದವರಿಗೆ ಮೊದಲ ಗುಟುಕು ಕೆಟ್ಟುಹೋದ ಮಾಲಿನಂತೆ ತೋರಬಹುದು. ಬಳಿಕ ಅಕ್ರೋಟದ ಪರಿಮಳ, ಅದರ ಹಿಂದೆಯೇ ನಮ್ಮ ಅಡುಗೆಮನೆಯ ಮೆಂತ್ಯದ ವಾಸನೆ! ಇದು ಕಲ್ಪನೆಯಲ್ಲ, ಮೆಂತ್ಯಕ್ಕೆ ಆ ಗಂಧವನ್ನು ನೀಡುವ ಸೊಟೊಲಾನ್ ಎಂಬ ರಾಸಾಯನಿಕವೇ ಈ ವೈನಿನಲ್ಲಿಯೂ ಇದೆ. ಫ್ರೆಂಚರು ಇದರೊಂದಿಗೆ ಅದೇ ಸೀಮೆಯ ಕೋಂತೆ ಚೀಸನ್ನು ತಿನ್ನುತ್ತಾರೆ. ಮಸಾಲೆಯ ಊಟಕ್ಕೆ ಇಷ್ಟು ಹೊಂದುವ ಫ್ರೆಂಚ್ ವೈನುಗಳು ವಿರಳ.

ಮೂರು ತಿಂಗಳ ಉದ್ದರಿಗೇ ಬಡ್ಡಿ ಲೆಕ್ಕ ಹಾಕುವ ನಾವು ಆರು ವರ್ಷದ ದಾಸ್ತಾನನ್ನು ಹೇಗೆ ನಿಭಾಯಿಸುತ್ತಾರೆಂದು ಕೇಳುವುದು ಸಹಜ. ಬೇಗ ಮಾರಾಟವಾಗುವ ಸಾಮಾನ್ಯ ಬಿಳಿ ವೈನು ಮತ್ತು ನೊರೆವೈನುಗಳನ್ನೂ ಅದೇ ಉತ್ಪಾದಕರು ತಯಾರಿಸುತ್ತಾರೆ; ದಿನದ ಖರ್ಚು ಅದರಿಂದ ಹೊರಡುತ್ತದೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಬೇರೆಯೇ. 1936ರಲ್ಲಿ ಪ್ರಾದೇಶಿಕ ಹೆಸರಿನ ಕಾನೂನು ರಕ್ಷಣೆ ಪಡೆದ ಶಾಟೋ ಶಾಲೋನ್ ಗ್ರಾಮದ ಬೆಳೆಗಾರರು 1974, 1980, 1984 ಮತ್ತು 2001ರಲ್ಲಿ ದ್ರಾಕ್ಷಿ ತಕ್ಕ ಗುಣಮಟ್ಟದ್ದಲ್ಲವೆಂದು ತಮ್ಮ ಊರಿನ ಹೆಸರಿನ ವೈನನ್ನೇ ತಯಾರಿಸಲಿಲ್ಲ. ಕಡಿಮೆ ದರ್ಜೆಯ ಹೆಸರಿಗೆ ಇಳಿಯುವ ನಷ್ಟವನ್ನು ಎಲ್ಲರೂ ಕೂಡಿಯೇ ಹೊತ್ತರು. 1774ರ ವ್ಯಾಂ ಜೋನಿನ ಒಂದು ಬಾಟಲಿ 2018ರ ಹರಾಜಿನಲ್ಲಿ ಒಂದು ಲಕ್ಷ ಯೂರೋ ಮೀರಿತು. ಅದರ ಮೂಲ ಇಂಥ ಕಟ್ಟುನಿಟ್ಟಿನಲ್ಲಿದೆ ಎಂದೇ ನಾನು ಭಾವಿಸುತ್ತೇನೆ.

ನಮ್ಮಲ್ಲಿಯೂ 2003ರಿಂದ ಭೌಗೋಳಿಕ ಸೂಚಿಕೆಯ ಕಾಯಿದೆ ಜಾರಿಯಲ್ಲಿದೆ. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ನಂಜನಗೂಡಿನ ರಸಬಾಳೆಗಳಿಗೆ ಆ ಮಾನ್ಯತೆ ದೊರೆತಿದೆ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದ್ದೇವೆ. ಆದರೆ “ಈ ಸಾಲಿನಲ್ಲಿ ನಮ್ಮ ಹೆಸರಿಗೆ ತಕ್ಕ ಮಾಲಿಲ್ಲ” ಎಂದು ಫಲಕ ತೂಗುಹಾಕಿದ ಯಾವ ಸಂಘವನ್ನೂ ನಾನು ಕಂಡಿಲ್ಲ. ಮಾಲು ಹೊರಡುವ ಮುನ್ನ ಅದನ್ನು ತಿರಸ್ಕರಿಸುವ ಅಧಿಕಾರವುಳ್ಳ ಪರೀಕ್ಷಾ ಸಮಿತಿಯೊಂದನ್ನು ಉತ್ಪಾದಕರ ಸಂಘಗಳು ತಮ್ಮೊಳಗಿನಿಂದಲೇ ರಚಿಸಿಕೊಳ್ಳಬೇಕು. ಅದರ ಉಪನಿಯಮಗಳ ಕರಡನ್ನು ಸಿದ್ಧಪಡಿಸಿಕೊಡುವುದು ನಮ್ಮ ಮಂಡಳಿಗೆ ಕಷ್ಟದ ಕೆಲಸವೇನಲ್ಲ.