ಪಥ್ಯಕ್ಕೂ ತಕ್ಕಡಿ ಬೇಕು

ಚಿತ್ರದುರ್ಗದ ಸೀಮೆಯಲ್ಲಿ ಊಟವೆಂದರೆ ಮುದ್ದೆ. ಮೂತ್ರಪಿಂಡದ ರೋಗಿಗೆ ಪ್ರೋಟೀನನ್ನು ಇಳಿಸಿರೆಂದು ವೈದ್ಯರು ಹೇಳಿದೊಡನೆ ಆ ಮುದ್ದೆಯನ್ನೇ ಅರ್ಧಕ್ಕಿಳಿಸುವವರುಂಟು. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. 100 ಗ್ರಾಂ ರಾಗಿಹಿಟ್ಟಿನಲ್ಲಿರುವ ಪ್ರೋಟೀನು ಸುಮಾರು 7 ಗ್ರಾಂ, ಅಷ್ಟೇ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಸಬ್ಬಕ್ಕಿಯಲ್ಲಿ ಅತ್ಯಲ್ಪ. ಪ್ರೋಟೀನಿನಿಂದ ಹುಟ್ಟುವ ಯೂರಿಯವನ್ನು ಹೊರಹಾಕುವ ಹೊರೆಯನ್ನು ತಗ್ಗಿಸುವುದೇ ಪಥ್ಯದ ಉದ್ದೇಶ. ಆದರೆ ಊಟವೇ ಸಾಲದಾದರೆ ದೇಹವು ಶಕ್ತಿಗಾಗಿ ತನ್ನ ಸ್ನಾಯುಗಳನ್ನೇ ಕರಗಿಸುತ್ತದೆ; ಯೂರಿಯ ಮತ್ತೆ ಹೆಚ್ಚುತ್ತದೆ. ಆದುದರಿಂದ ವೈದ್ಯರು ಹೇಳಿದ ಪ್ರಮಾಣದಲ್ಲಿ ಸಾರಿನ ಬೇಳೆಯನ್ನು ತೂಗಿ ಹಾಕಬೇಕು. ಕುಂದಿದ ಶಕ್ತಿಯನ್ನು ಎಣ್ಣೆ, ಸಬ್ಬಕ್ಕಿಗಳಿಂದ ತುಂಬಬೇಕು. ಡಯಾಲಿಸಿಸ್ ಪಡೆಯುವವರಿಗಾದರೋ ಪ್ರೋಟೀನು ಹೆಚ್ಚೇ ಬೇಕು. ವಿದ್ಯಾರ್ಥಿಗಳೇ, ಪ್ರಯೋಗಶಾಲೆಯಲ್ಲಿ ತೂಗಲು ಕಲಿತ ನೀವು ಮನೆಯ ರೋಗಿಯ ಬೇಳೆಯನ್ನು ಕಣ್ಣಳತೆಗೆ ಬಿಡಬಹುದೇ?