ನಿದ್ದೆಯಲ್ಲಿ ಬೆಟ್ಟ ಹತ್ತುವವರು

ದೇವನಹಳ್ಳಿಯ ಆಕಾಶದಲ್ಲಿ 2008ರ ಮೇ ತಿಂಗಳಿನಿಂದೀಚೆಗೆ ವಿಮಾನಗಳ ಸದ್ದಿಗೆ ಬಿಡುವೆಂಬುದಿಲ್ಲ. ಮೇಲೇರಿದ ವಿಮಾನವು 35,000 ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಒಳಗೆ ಗಾಳಿಯನ್ನು ಒತ್ತಿ ತುಂಬಿರುವುದರಿಂದ, ಪ್ರಯಾಣಿಕನಿಗೆ ಅದು ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ, ಅಥವಾ ಅದಕ್ಕಿಂತ ತುಸು ಮೇಲೆ ಕುಳಿತಂತೆ. ರಕ್ತದ ಆಮ್ಲಜನಕ ಕೊಂಚ ಇಳಿಯುತ್ತದೆ. ಆರೋಗ್ಯವಂತನಿಗೆ ಅದು ತಿಳಿಯುವುದೂ ಇಲ್ಲ.

ಆ ವಿಮಾನದ ಕೆಳಗೆ, ತಮ್ಮ ಮನೆಯ ಮಂಚದಲ್ಲೇ ಮಲಗಿ, ಇನ್ನೂ ಎತ್ತರದ ಬೆಟ್ಟವನ್ನು ಒಂದೇ ರಾತ್ರಿಯಲ್ಲಿ ನೂರಾರು ಸಲ ಹತ್ತಿ ಇಳಿಯುವವರುಂಟು. ಅವರ ಗೊರಕೆಗೆ ಮನೆಮಂದಿ ನಗುತ್ತಾರೆ. “ಪುಣ್ಯವಂತರು, ತಲೆಯಿಟ್ಟೊಡನೆ ನಿದ್ದೆ” ಎಂದು ಹೊಗಳುವುದೂ ಉಂಟು. ಆದರೆ ಗೊರಕೆಗಿಂತ ಅದರ ನಡುವೆ ಬರುವ ಮೌನಕ್ಕೆ ಕಿವಿಗೊಡಬೇಕು.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಎಷ್ಟು ಎಳೆದರೂ ಗಾಳಿ ಒಳಹೋಗದು. ಹತ್ತು ಸೆಕೆಂಡಾದರೂ ಉಸಿರು ನಿಂತರೆ ಅಥವಾ ಬಹಳ ಕುಗ್ಗಿದರೆ ವೈದ್ಯರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 30ಕ್ಕೆ ಮುಟ್ಟಿದರೆ ರೋಗ ತೀವ್ರವೆಂದರ್ಥ. ಎಚ್ಚರದಲ್ಲಿ ನೂರಕ್ಕೆ 95ರ ಮೇಲಿರುವ ಆಮ್ಲಜನಕದ ಪ್ರಮಾಣ ಆಗ 80ರ ಕೆಳಕ್ಕೂ ಕುಸಿಯಬಹುದು. ಮೆದುಳು ಗಾಬರಿಗೊಂಡು ಅರೆ ಎಚ್ಚರಗೊಳಿಸುತ್ತದೆ. ಒಂದು ದೊಡ್ಡ ಉಸಿರು. ಮತ್ತೆ ಅದೇ ಗೊರಕೆ.

ಲಡಾಖಿನಂಥ ಎತ್ತರದಲ್ಲಿ ನೆಲೆಸಿದವನ ದೇಹ ಕೆಲವು ವಾರಗಳಲ್ಲಿ ತೆಳುಗಾಳಿಗೆ ಒಗ್ಗಿಕೊಳ್ಳುತ್ತದೆ. ಈ ಏರಿಳಿತಕ್ಕೆ ಹಾಗೆ ಒಗ್ಗುವುದು ಸುಲಭವಲ್ಲ. ಪ್ರತಿ ಕುಸಿತಕ್ಕೂ ಅಡ್ರಿನಲಿನ್ ಉಕ್ಕಿ, ಹೊಟ್ಟೆಯ ಸುತ್ತ ಶೇಖರವಾದ ಕೊಬ್ಬು ಕರಗಿ ಯಕೃತ್ತಿನತ್ತ ಹರಿಯುತ್ತದೆ. ಯಕೃತ್ತು ಅದರಲ್ಲಿ ಒಂದು ಪಾಲನ್ನು ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ; ಇನ್ನೊಂದು ಪಾಲು ಅಲ್ಲಿಯೇ ಉಳಿದುಬಿಡುತ್ತದೆ. ಹೀಗೆ ಗಾಳಿಯನ್ನು ಏರಿಳಿಸಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಯಕೃತ್ತು ತಾನೇ ಹೊಸದಾಗಿ ಕೊಬ್ಬು ತಯಾರಿಸುವ ಕೆಲಸವೂ ಹೆಚ್ಚಿದ್ದು, ರಕ್ತದಿಂದ ಕೊಬ್ಬನ್ನು ತೆಗೆಯುವ ಕಿಣ್ವದ ಕೆಲಸ ತಗ್ಗಿದ್ದು ಕಂಡುಬಂದಿತು. ಆಮ್ಲಜನಕದ ಕೊರತೆಯನ್ನು ಜೀವಕೋಶ ಅರಿಯುವ ಬಗೆಯನ್ನು ಬಿಡಿಸಿ ತೋರಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಝಾ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂದಿತು. ಈ ಅನಾಹುತದಲ್ಲೂ ಅದೇ ಕೀಲಿಯ ಕೈವಾಡವಿದೆ. ಕೊಬ್ಬು ತುಂಬಿದ ಯಕೃತ್ತಿನಲ್ಲಿ ಮುಂದೆ ಉರಿಯೂತ, ಅನಂತರ ನಾರುಗಟ್ಟುವಿಕೆ ಉಂಟಾಗಬಹುದು.

ಬೊಜ್ಜೇ ಇದಕ್ಕೆಲ್ಲ ಮೂಲವಲ್ಲವೆ ಎಂದು ಕೇಳಬಹುದು. ಬಹುಪಾಲು ಹೌದು. ಆದರೂ ತೂಕವನ್ನು ಲೆಕ್ಕದಿಂದ ಕಳೆದು ನೋಡಿದ ಹಲವು ಅಧ್ಯಯನಗಳಲ್ಲಿ, ರಾತ್ರಿಯ ಕುಸಿತಕ್ಕೂ ಯಕೃತ್ತಿನ ಹಾನಿಗೂ ಇರುವ ನಂಟು ಅಳಿಯಲಿಲ್ಲ. ತುಪ್ಪ ಬಿಟ್ಟರೂ, ಮದ್ಯ ಮುಟ್ಟದಿದ್ದರೂ ರಕ್ತಪರೀಕ್ಷೆಯ ಅಂಕಿಗಳು ಇಳಿಯದ ಯಜಮಾನರು, ವೈದ್ಯರ ಬಳಿಗೆ ಪತ್ನಿಯನ್ನೂ ಕರೆದೊಯ್ಯುವುದು ಲೇಸು. ಅವರ ರಾತ್ರಿಯ ಸಂಗತಿಗೆ ಆಕೆಯೇ ಸಾಕ್ಷಿ.

ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯದಲ್ಲಿ, ಮೂಗಿಗೆ ತೊಡಿಸಿದ ಮುಸುಕಿನ ಮೂಲಕ ಬರುವ ಗಾಳಿಯ ಒತ್ತಡವು ಗಂಟಲನ್ನು ತೆರೆದಿಡುತ್ತದೆ. ಇದರಿಂದ ಉಸಿರಾಟ ಸರಾಗವಾಗುತ್ತದೆ, ಹಗಲಿನ ತೂಕಡಿಕೆ ಹೋಗುತ್ತದೆ. ಆದರೆ ಯಕೃತ್ತಿನ ಕೊಬ್ಬು ಕರಗಲು ಈ ಯಂತ್ರವೊಂದೇ ಸಾಲದೆಂಬುದು ಈವರೆಗಿನ ಪರೀಕ್ಷೆಗಳಲ್ಲಿ ಕಂಡದ್ದು. ಜೊತೆಗೆ ತೂಕವೂ ಇಳಿಯಬೇಕು. ಅಂಗಾತ ಮಲಗುವುದನ್ನು ಬಿಟ್ಟು ಮಗ್ಗುಲಾಗಿ ಮಲಗುವುದೂ, ಮದ್ಯದಿಂದ ದೂರವಿರುವುದೂ, ನಿದ್ದೆಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗದಿರುವುದೂ ಗಂಟಲಿಗೆ ಅಷ್ಟರಮಟ್ಟಿಗೆ ನೆರವಾಗುತ್ತವೆ.