ಏರ್ ಸಸ್ಪೆನ್ಷನ್: ಮೊದಲು ಸೋರಿಕೆ ಹುಡುಕಿ, ಆಮೇಲೆ ಲ್ಯಾಪ್‌ಟಾಪ್ ತೆಗೀರಿ

ಹತ್ತು-ಹದಿನೈದು ವರ್ಷ ಹಳೆಯ ದೊಡ್ಡ ಫೋರ್‌ವೀಲ್ ಡ್ರೈವ್ ಗಾಡಿಗಳು ಈಗ ಹೊಸ ಸಣ್ಣ ಕಾರಿನ ಬೆಲೆಗೆ ಸಿಗ್ತಿವೆ. ಮೂಡಿಗೆರೆ, ಸಕಲೇಶಪುರ ಕಡೆ ತೋಟದ ದಾರಿಗೆ ಇದಕ್ಕಿಂತ ಇನ್ನೇನು ಬೇಕು ಅಂತ ನಮ್ಮ ಹುಡುಗರು ತಗೊಳ್ತಾರೆ, ತಪ್ಪೇನಿಲ್ಲ. ಆದರೆ ಡಿಸ್ಕವರಿ 3, ಹಳೇ ಕ್ಯೂ7 ತರದ ಗಾಡಿಗಳಲ್ಲಿ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರಬಹುದು. ಒಂದು ಬೆಳಿಗ್ಗೆ ಗಾಡಿ ಒಂದು ಮೂಲೆಗೆ ಕೂತಿರುತ್ತೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: 'ಕ್ಯಾಲಿಬ್ರೇಷನ್ ಮಾಡಿಸಿ'. ನನ್ನ ತಕರಾರು ಇರೋದೇ ಇಲ್ಲಿ. ಕ್ಯಾಲಿಬ್ರೇಷನ್ ಅಂದರೆ ಅಳತೆ ಸರಿಮಾಡೋದು, ರಿಪೇರಿ ಅಲ್ಲ.

ಡ್ರಿಪ್ ಹಾಕಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಲ್ಯಾಟರಲ್ ಪೈಪ್ ಎಲ್ಲೋ ಒಡೆದಿದೆ, ಕೊನೇ ಸಾಲಿಗೆ ನೀರು ಹೋಗ್ತಿಲ್ಲ ಅಂತ ಮೋಟಾರು ಎರಡು ಗಂಟೆ ಜಾಸ್ತಿ ಓಡಿಸಿದರೆ ಏನಾಗುತ್ತೆ? ಇಲ್ಲೂ ಅಷ್ಟೇ. ಸೋರುವ ಚೀಲದ ಮೂಲೆಗೆ ಲ್ಯಾಪ್‌ಟಾಪ್‌ನಲ್ಲಿ ಎತ್ತರದ ಅಂಕಿ ಏರಿಸಿಕೊಟ್ಟರೆ ಗಾಡಿ ಅವತ್ತು ಸಮ ಕಾಣುತ್ತೆ. ಆದರೆ ಕಂಪ್ರೆಸರ್ ಹೊತ್ತಲ್ಲದ ಹೊತ್ತಿನಲ್ಲಿ ಓಡಿ ಓಡಿ ಸುಟ್ಟುಹೋಗುತ್ತೆ. ಒಂದು ಚೀಲದ ಖರ್ಚು ತಪ್ಪಿಸೋಕೆ ಹೋಗಿ ಎರಡರ ಖರ್ಚು.

ಎತ್ತರದ ಸೆನ್ಸರ್ ಗಾಳಿಯ ಒತ್ತಡ ಅಳೆಯಲ್ಲ, ಸಸ್ಪೆನ್ಷನ್ ತೋಳಿನ ಕೋನ ಅಳೆಯುತ್ತೆ. ಹಾಗಾಗಿ ಸೆನ್ಸರ್ ಬದಲಿಸಿದಾಗ, ತೋಳು ಅಥವಾ ಬುಷ್ ಬದಲಿಸಿದಾಗ, ಸೆನ್ಸರಿನ ಕಡ್ಡಿ ಬಾಗಿದಾಗ ಕ್ಯಾಲಿಬ್ರೇಷನ್ ಬೇಕು. ರಾತ್ರಿ ಬೆಳಗಾಗೋದರಲ್ಲಿ ಕುಸಿದರೆ ಅದು ಸೋರಿಕೆ ಲಕ್ಷಣ.

ಪತ್ತೆ ಮಾಡೋದು ಕಷ್ಟ ಅಲ್ಲ. ಸಂಜೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಮೂಲೆಯಲ್ಲಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಮೊಬೈಲಲ್ಲಿ ಬರೆದಿಡಿ. ನೆಲದಿಂದ ಅಳೀಬೇಡಿ, ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತೆ. ಇನ್ನೊಂದು ಮೋಸ ಇದೆ. ಡಿಸ್ಕವರಿ 3 ತರದ ಗಾಡಿ ನಿಂತಲ್ಲೇ ಕೆಲವು ಗಂಟೆಗೊಮ್ಮೆ ಎಚ್ಚೆತ್ತು, ಕುಸಿದ ಮೂಲೆಯ ಮಟ್ಟಕ್ಕೆ ಉಳಿದವನ್ನೂ ಇಳಿಸಿಕೊಳ್ಳುತ್ತೆ. ಬೆಳಿಗ್ಗೆ ನೋಡಿದರೆ ನಾಲ್ಕೂ ಕೂತಿರುತ್ತೆ, ಕಳ್ಳ ಯಾರು ಗೊತ್ತಾಗಲ್ಲ. ಅದಕ್ಕೇ ರಾತ್ರಿ ಸಸ್ಪೆನ್ಷನ್ ಫ್ಯೂಸ್ ತೆಗೆದಿಡಿ. ಬೆಳಿಗ್ಗೆ ಯಾವ ಮೂಲೆ ಇಳಿದಿದೆಯೋ ಅಲ್ಲಿನ ಚೀಲದ ಮಡಿಕೆಗೆ, ಪೈಪ್ ಜಾಯಿಂಟಿಗೆ, ವಾಲ್ವ್ ಬ್ಲಾಕಿಗೆ ಸಾಬೂನು ನೀರು ಹೊಡೀರಿ. ಗಿಡಹೇನಿಗೆ ಹೊಡೆಯುವ ಹ್ಯಾಂಡ್ ಸ್ಪ್ರೇಯರ್ ಸಾಕು. ಗುಳ್ಳೆ ಎದ್ದ ಜಾಗವೇ ಸೋರುವ ಜಾಗ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಸ್ಟ್ಯಾಂಡ್ ಕೊಡದೆ ಗಾಡಿ ಕೆಳಗೆ ತಲೆ ಹಾಕಬೇಡಿ. ಗಾಳಿ ಹೋದರೆ ಎರಡು ಟನ್ ಮೀರಿದ ಗಾಡಿ ಹೇಳದೆ ಕೇಳದೆ ಇಳಿಯುತ್ತೆ. ಜಾಕ್ ಹಾಕೋ ಮೊದಲು ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಸಸ್ಪೆನ್ಷನ್ ಆಫ್ ಮಾಡಿ.

ಮಲೆನಾಡಿನವರು ಡ್ರೈಯರ್ ಮರೆಯಬಾರದು. ಬೀಜದ ಡಬ್ಬಿಗೆ ಸಿಲಿಕಾ ಜೆಲ್ ಹಾಕ್ತೀವಲ್ಲ, ಅಂಥದೇ ತೇವ ಹೀರುವ ಹರಳು ಕಂಪ್ರೆಸರ್ ಪಕ್ಕ ಇರುತ್ತೆ. ಅದು ನೆನೆದು ಕೆಲಸ ಬಿಟ್ಟರೆ ತೇವ ವಾಲ್ವ್ ಒಳಗೆ ಹೋಗುತ್ತೆ. ಕಂಪ್ರೆಸರ್ ರಿಲೇ ಕೂಡ ಹಳೆಯದಾದರೆ ಬದಲಿಸಿಬಿಡಿ. ಅದು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲೋದೇ ಇಲ್ಲ. ಕೆಸರಲ್ಲಿ ಓಡಿಸಿದ ಮೇಲೆ ಚೀಲದ ಮಡಿಕೆಗಳಿಗೆ ಪೈಪಿನ ನೀರು ಬಿಡಿ. ಪ್ರೆಶರ್ ವಾಷರ್ ಹತ್ತಿರ ಹಿಡೀಬೇಡಿ.

ಇಷ್ಟಾದ ಮೇಲೂ ಗಾಡಿ ಓರೆ ನಿಂತರೆ ಆಗ ಕ್ಯಾಲಿಬ್ರೇಷನ್. ಪಿಎಚ್ ಮೀಟರನ್ನು ಬಫರ್ ದ್ರಾವಣ ಇಲ್ಲದೆ ತಿರುಗಿಸಿದರೆ ಎಷ್ಟು ಪ್ರಯೋಜನವೋ, ಕಣ್ಣಂದಾಜಿನ ಕ್ಯಾಲಿಬ್ರೇಷನ್‌ನಿಂದ ಅಷ್ಟೇ ಪ್ರಯೋಜನ. ನೆಲ ಸಮ ಇರಬೇಕು, ಟೈರಿಗೆ ಸರಿಯಾದ ಗಾಳಿ ಇರಬೇಕು, ಹಿಂದೆ ಗೊಬ್ಬರದ ಚೀಲ ಇರಬಾರದು. ಮುಂದೆ-ಹಿಂದೆ ಒಂದೇ ಎತ್ತರ ಇರಬೇಕೆಂದೇನಿಲ್ಲ. ಆ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳಿದ್ದೇ ಲೆಕ್ಕ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತೆ. ಈ ಕೆಲಸಕ್ಕೆ ಆ ಗಾಡಿಗೆ ಹೊಂದುವ ಟೂಲ್ ಬೇಕು. ನಾಲ್ಕೈದು ಜನ ಸೇರಿ ಒಂದು ಕೊಂಡರೆ ಹೊರೆ ಆಗಲ್ಲ.

ಗಾಳಿ ಚೀಲ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸೋರನ್ನು ನಾನು ಹೀಗಳೆಯಲ್ಲ. ದಿನಾ ಭಾರ ಹೊರುವ ಗಾಡಿಗೆ ಅದು ಲೆಕ್ಕಾಚಾರದ ತೀರ್ಮಾನ ಇರಬಹುದು. ಆದರೆ ಎಚ್ಚರಿಕೆ ದೀಪದ ಬಲ್ಬ್ ಕಿತ್ತು ಕೆಲಸ ಮುಗೀತು ಅನ್ನೋರ ಹತ್ತಿರ ಮಾಡಿಸಬೇಡಿ. ಆರ್‌ಟಿಒ ನಿಯಮ ಏನು, ವಿಮೆಯವರು ಏನಂತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನೂ ಕೊಳ್ಳದೇ ಇರೋರು ಗಾಡಿ ನೋಡೋಕೆ ಬೆಳಿಗ್ಗೆ ಬೇಗ ಹೋಗಿ. ಹಿಂದಿನ ಸಂಜೆಯಿಂದ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಮೊದಲೇ ಹೇಳಿಡಿ. ನೀವು ಹೋಗೋ ಹೊತ್ತಿಗೆ ಬಾನೆಟ್ ಬಿಸಿ ಇದ್ದರೆ ಇನ್ನೊಂದು ದಿನ ಬರ್ತೀನಿ ಅಂತ ವಾಪಸ್ ಬನ್ನಿ.